ಅಮ್ಮ ಎತ್ತಿಕೊಂಡ ದಿನ

ಕಡಲೆಕಾಯಿ ಸುಲಿಯುತ್ತಿದ್ದಾಗ ಚಿಕ್ಕಮ್ಮನ ಊರು ರೊಳ್ಳದಿಂದ ಫೋನು ಬಂತು, ಚಿಕ್ಕಮ್ಮನಿಗೆ ಹುಷಾರಿಲ್ಲವೆಂದು. ತೀರಿಹೋದ ಅಮ್ಮನ ವಿಷಯ ಹೇಳಬಲ್ಲವರು ಇನ್ನು ಅವರೊಬ್ಬರೇ. ನನ್ನ ಬಾಲ್ಯವನ್ನು ಬರೆಯುತ್ತಿರುವ ನೋಟ್‌ಬುಕ್ ಹಿಡಿದು ರಾಯದುರ್ಗದಲ್ಲಿ ಬಸ್ ಹತ್ತಿದೆ. ಸಿದ್ಧೇಶ್ವರನ ದಯೆ, ಚಿಕ್ಕಮ್ಮ ಎದ್ದು ಕುಳಿತಿದ್ದರು.

“ನನ್ನ ನೋಡಾಕ್ ಬಂದ್ಯೋ, ಬರ್ಕಳಾಕೋ?” ಎಂದು ನಕ್ಕರು.

‘ಅಮ್ಮ ನನ್ನನ್ನು ಎತ್ತಿಕೊಳ್ಳುತ್ತಿರಲಿಲ್ಲ’ ಎಂಬ ಮೊದಲ ಸಾಲು ಓದಿದೆ. ಅವರ ನಗು ನಿಂತಿತು.

“ಮನೇಲಿ ರೇಷ್ಮೆಹುಳ ಇದ್ವು ಕಣೇ. ನಿನ್ ತಲೆ ಎಣ್ಣೆ ವಾಸ್ನೆ ತಗುಲಿದ್ರೆ ಹುಳ ಸಾಯ್ತವೆ ಅಂತ ನಿಮ್ಮಮ್ಮ ನಿನ್ನ ಮುಟ್ತಿರ್ಲಿಲ್ಲ. ಹುಳ ಗೂಡು ಕಟ್ಟಿ ಮುಗಿದ ದಿನ ನಿನ್ನನ್ನ ಸೊಂಟದಿಂದ ಕೆಳೀಕೇ ಇಳಿಸ್ತಿರ್ಲಿಲ್ಲ.”

ವಾಪಸ್ ಬರುವಾಗ ಮಡಕಶಿರಾ ಬಸ್ ನಿಲ್ದಾಣದಲ್ಲಿ ಕುಳಿತು ಅವರ ಮಾತನ್ನು ಮೊದಲ ಸಾಲಿನ ಕೆಳಗೇ ಬರೆದೆ.

ಮನೆಯಲ್ಲಿ ಮೊಮ್ಮಗಳು ತಲೆ ಬಾಚಿಸಿಕೊಳ್ಳಲು ಕಾಯುತ್ತಿದ್ದಳು. ಎಣ್ಣೆ ಬಟ್ಟಲು ತೆಗೆದುಕೊಂಡು ಕುಳಿತೆ.