ಮೋಡದ ಊರಿನ ಉಳಿದರ್ಧ

ರದ್ದಿ ವ್ಯಾಪಾರದಲ್ಲಿ ಪುಸ್ತಕವನ್ನು ಇಡಿಯಾಗಿ ಬಿಡುವುದಿಲ್ಲ. ರಟ್ಟು ಒಂದು ಕಡೆ, ಹಾಳೆ ಒಂದು ಕಡೆ. ಬೆನ್ನನ್ನು ಮೊಣಕಾಲಿನ ಮೇಲಿಟ್ಟು ಒತ್ತಿ ಮುರಿದರೆ ಅಂಟು ಬಿಡುತ್ತದೆ, ಆಮೇಲೆ ಕೀಳುವುದು ಸುಲಭ. ಮಡಗಾಂವಿನಲ್ಲಿ ನಾನು ಮೂವತ್ತು ವರ್ಷ ಇದನ್ನೇ ಮಾಡಿದೆ. ಹೀಗೆ ಮುರಿದ ಪುಸ್ತಕಗಳಲ್ಲಿ ಒಂದು ಮಾತ್ರ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಗ ಮಗಳಿಗೆ ಹತ್ತು ವರ್ಷ. ಮನೆ ಖಾಲಿ ಮಾಡಿದ ಯಾರದೋ ಚೀಲದಲ್ಲಿ ಒಂದು ಕನ್ನಡ ಕತೆ ಪುಸ್ತಕ ಸಿಕ್ಕಿತ್ತು. ಗೋವೆಯ ರದ್ದಿಯಲ್ಲಿ ಕನ್ನಡ ಬರುವುದೇ ಅಪರೂಪ. ಅವಳು ಅದನ್ನು ಎತ್ತಿಕೊಂಡಳು, ನಾನು ಸುಮ್ಮನಿದ್ದೆ. ಮೋತಿ ಡೊಂಗರ್‌ನ ನಮ್ಮ ಓಣಿಗೆ ದಿನಕ್ಕೆ ಒಂದು ತಾಸು ನೀರು. ನಳದ ಮುಂದೆ ಕೊಡ ಇಟ್ಟು ಪಾಳಿ ಕಾಯುವುದು ಅವಳ ಕೆಲಸ. ಅವತ್ತು ಕೊಡದ ಪಕ್ಕದಲ್ಲೇ ಕೂತು ಓದುತ್ತ ಪಾಳಿ ಬಿಟ್ಟಳು. ನಾನು ಹೋಗುವಷ್ಟರಲ್ಲಿ ನಳ ನಿಂತಿತ್ತು.

“ಎಲ್ಲಿ ಹೋಗಿದ್ದಿ?”

“ಇಲ್ಲೇ ಕುಂತಿದ್ದೆ ಅಪ್ಪಾ.”

“ಇಲ್ಲೇ ಕುಂತಾಕಿ ಪಾಳಿ ಹೆಂಗ ಬಿಟ್ಟಿ?”

ಅವಳು ಪುಸ್ತಕ ತೋರಿಸಿದಳು. “ಮೋಡದ ಮ್ಯಾಲೆ ಒಂದು ಊರೈತಿ. ಅಲ್ಲಿದ್ದೆ.”

ಪಕ್ಕದ ಮನೆಯಾಕೆ ಬಿಡಲಿಲ್ಲ. “ಮೋಡದಾಗ ಇದ್ದಾಕಿ ಬರೋವಾಗ ಒಂದು ಕೊಡ ತುಂಬಕೊಂಡರ ಬರಬೇಕಿಲ್ಲೇನವಾ!”

ಓಣಿಯೆಲ್ಲ ನಕ್ಕಿತು. ನನಗೆ ನೀರು ತಪ್ಪಿದ್ದಕ್ಕಿಂತ ಆ ನಗು ಚುಚ್ಚಿತು. ಪುಸ್ತಕ ಕಸಿದು ಮೊಣಕಾಲಿನ ಮೇಲೆ ಮುರಿದೆ. “ಇಲ್ಲದ್ದನ್ನ ಓದಿದ್ರ ಯಾರ ಹೊಟ್ಟಿ ತುಂಬತೈತಿ?” ಎಂದು ಎಲ್ಲರೆದುರು ಹಾಳೆ ಕಿತ್ತು ಹಾಕಿದೆ. ಅವಳು ಅಳಲಿಲ್ಲ. “ಅರ್ಧಾ ಆಗಿತ್ತು ಅಪ್ಪಾ” ಎಂದಳು, ಅಷ್ಟೆ. ಮತ್ತೆ ನನ್ನೆದುರು ಪುಸ್ತಕ ಹಿಡಿಯಲಿಲ್ಲ. ದಾರಿಗೆ ಬಂದಳು ಎಂದು ನಾನು ಖುಷಿಪಟ್ಟೆ. ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ಸಕ್ಕರೆ ಕಾಯಿಲೆ ನನ್ನ ಹೆಂಡತಿಯ ಎರಡೂ ಕಣ್ಣು ತೆಗೆದುಕೊಂಡಿತು. ಇನ್ನು ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. ಅವಳು ಗೋಡೆಗೆ ಮುಖ ಮಾಡಿ ಕೂತುಬಿಟ್ಟಳು. ತಟ್ಟೆ ಇಟ್ಟರೆ ಸರಿಸುವಳು. “ಕತ್ತಲಾಗ ಎಷ್ಟ ದಿನಾ ಕುಂಡ್ರಲಿ? ಸಾಕಾತು” ಎನ್ನುವಳು. ದಿನದಿನಕ್ಕೆ ಇಳಿದಳು. ಇವಳು ಉಳಿಯುವುದಿಲ್ಲ ಎಂದೇ ನನಗೆ ಅನಿಸಿತು.

ಕೊರ್ಲಿಮ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಒಂದು ಸಂಜೆ ಬಂದವಳೇ ಬಟ್ಟೆಯನ್ನೂ ಬದಲಿಸದೆ ತಾಯಿಯ ಮಗ್ಗುಲಲ್ಲಿ ಕೂತು ಮೋಡದ ಊರಿನ ಕತೆ ತೆಗೆದಳು. ಅಲ್ಲಿ ಮನೆ ಆಗಾಗ ಮಳೆಯಾಗಿ ಸುರಿದುಹೋಗುತ್ತದೆ. ಆಗ ಗಂಟುಮೂಟೆ ಕಟ್ಟಿ ಮುಂದಿನ ಮೋಡಕ್ಕೆ ಹಾರಬೇಕು. ನಾನು ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದೆ. ಒಮ್ಮೆಲೇ ಹೆಂಡತಿಯ ದನಿ ಬಂತು:

“ಅಲ್ಲೆ ಒಲಿ ಹೆಂಗ ಹಚ್ಚತಾರ?”

“ಮಿಂಚಿಲೆ.”

“ಸುಡೂದಿಲ್ಲೇನ?”

“ಎಳೇ ಮಿಂಚು ಆರಿಸಿಕೋತಾರವಾ. ಬಲತದ್ದು ಮುಟ್ಟಂಗಿಲ್ಲ.”

ಬದನೆಕಾಯಿ ಆರಿಸಿದಂತೆ! ಹೆಂಡತಿ ನಕ್ಕಳು. ಎಷ್ಟೋ ದಿನಗಳ ಮೇಲೆ ಅವತ್ತು ಒಂದು ರೊಟ್ಟಿ ಪೂರ್ತಿ ತಿಂದಳು. ದಿನಾ ಸಂಜೆ ಕತೆ ಬೆಳೆಯಿತು. ಅರ್ಧ ಪುಸ್ತಕದಲ್ಲಿ ಇಷ್ಟು ಇರುವುದು ಸಾಧ್ಯವಿಲ್ಲ ಎಂದು ನನಗೇ ಹೊಳೆಯಿತು. “ಉಳಿದಿದ್ದು ಯಾವಾಗ ಓದಿದಿ?” ಎಂದು ಮಗಳನ್ನು ಕೇಳಿದೆ.

“ಎಲ್ಲಿ ಓದಲಿ ಅಪ್ಪಾ? ನಳದ ಮುಂದ, ಬಸ್ಸಿನ್ಯಾಗ, ನಾನಽ ಕಟ್ಟಕೋತ ಬಂದೇನಿ.”

ಇಪ್ಪತ್ತು ವರ್ಷ. ಎರಡು ಖೋಲಿಯ ಮನೆಯಲ್ಲಿ, ನನ್ನ ಕಣ್ಣೆದುರೇ, ಒಂದು ಇಡೀ ಊರನ್ನು ಕಟ್ಟಿದ್ದಳು. ನನಗೆ ಅದರ ಒಂದು ಕಲ್ಲೂ ಕಂಡಿರಲಿಲ್ಲ. ಕಣ್ಣಿಲ್ಲದ ತಾಯಿ ಈಗ ಅಲ್ಲಿ ಕೈಹಿಡಿಸಿಕೊಳ್ಳದೆ ತಿರುಗಾಡುತ್ತಿದ್ದಳು. ಇಲ್ಲದ್ದು ಎಂದು ನಾನು ಕರೆದದ್ದು ಒಂದು ಜೀವವನ್ನು ಹಿಡಿದಿಟ್ಟಿತ್ತು. ತಪ್ಪಾಯಿತು ಎನ್ನುವ ಬದಲು ಕೊಡ ಎತ್ತಿಕೊಂಡು ನಳಕ್ಕೆ ಹೋದೆ.

ಆಮೇಲೆ ಮಗಳಿಗೆ ಒಂದು ವಾರ ಎರಡನೇ ಶಿಫ್ಟ್ ಬಿತ್ತು, ಮನೆಗೆ ಬರುವುದು ನಡುರಾತ್ರಿ. ಸಂಜೆ ಹೆಂಡತಿ ಮತ್ತೆ ತಟ್ಟೆ ಸರಿಸಿ, “ರೀ, ಇವತ್ತ ನೀವ ಹೇಳ್ರಿ” ಎಂದಳು.

“ನನಗ ಆ ಹಕ್ಕಿಲ್ಲ. ಆ ಪುಸ್ತಕ ಹರದಾಂವ ನಾನು.”

“ಅದನ್ನ ಇಡೀ ಓಣಿ ನೋಡೇತಿ. ಈಗ ಹೇಳ್ರಿ.”

ಬೆವರು ಒರೆಸಿಕೊಂಡೆ. “ಅಲ್ಲೊಬ್ಬ ಮುದುಕ ಇದ್ದ.”

“ಏನ ಮಾಡತಿದ್ದ?”

“ಮೋಡಾ ತೂಗತಿದ್ದ” ಎಂದೆ.

“ಅಲ್ಲಿಗೂ ತಕ್ಕಡಿ ಒಯ್ದ್ರೇನ!” ಎಂದಳು. “ಯಾವ ಮೋಡ ಭಾರ?”

“ಸಮುದ್ರದ ಕಡಿಂದ ಬಂದದ್ದು. ಅದರಾಗ ಉಪ್ಪು ಇರತೈತಿ.”

ಹಾಗೆ ಹೇಳುವಾಗ ಆ ಮುದುಕ ನನಗೆ ನಿಜವಾಗಿ ಕಂಡ, ಒದ್ದೆಯಾದ ಅವನ ಪಾದಗಳ ಸಮೇತ. ಇಲ್ಲದ್ದನ್ನು ಕಂಡದ್ದು ಜೀವನದಲ್ಲೇ ಮೊದಲ ಸಲ, ಅದೂ ಎಪ್ಪತ್ತು ದಾಟಿದ ಮೇಲೆ. ಹೆಂಡತಿ ಕೈ ಚಾಚಿ ತಟ್ಟೆಯನ್ನು ಹುಡುಕಿ ಹತ್ತಿರಕ್ಕೆಳೆದುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಮಗಳಿಗೆ ಹೇಳಿದಳು: “ನಿಮ್ಮಪ್ಪ ನಿನ್ನ ಊರಾಗ ಒಬ್ಬ ಮುದುಕನ್ನ ತಂದ ಇಟ್ಟಾನ. ಇರಲೇನ, ಕಳಸೂಣೇನ?”

ಮಗಳು ತಲೆ ಬಾಚುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿ ನಿಂತಿದ್ದೆ.

“ಇರಲಿ ಬಿಡವಾ,” ಎಂದಳು. “ಅಲ್ಲೆ ಜಾಗಾ ಭಾಳ ಐತಿ.”