ಬಣ್ಣ ಕಳೆದ ನೀರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ನನ್ನ ಮನೆಯೊಡತಿ ಗಂಗವ್ವ ಹಿತ್ತಲಿನ ತೊಟ್ಟಿಯಿಂದ ಒಂದು ಚರಿಗೆ ನೀರು ಮೊಗೆದು ಬಾಯಿಗೆತ್ತಿದ್ದರು. ಚರಿಗೆಯೆಂದರೆ ನಮ್ಮ ಕಡೆಯ ಚೆಂಬು. ನಾನು ಕೂಗುತ್ತ ಓಡುವಷ್ಟರಲ್ಲಿ ಎರಡು ಗುಟುಕು ಇಳಿದಿತ್ತು.

ಬೆಳಿಗ್ಗೆ ಆ ನೀರು ಕಡುಗೆಂಪಾಗಿತ್ತು. ನವಲಗುಂದದ ಜಮಖಾನಗಳಿಗೆ ನೂಲಿಗೆ ಬಣ್ಣ ಕಟ್ಟುವ ಪಕ್ಕದ ಮನೆಯ ಮಾಬುಸಾಬ ಕಾಕಾ ಚೆಲ್ಲುವ ನೀರದು. ಅದರ ಬಣ್ಣ ಒಡೆಯುವ ವೇಗವರ್ಧಕದ ಪ್ರಯೋಗಕ್ಕೆಂದೇ ನಾನು ಉಡುಪಿ ಕಡೆಯಿಂದ ಬಂದವಳು. ಸುಣ್ಣದಂಥ ಬಿಳಿ ಪುಡಿ. ನೀರಿಗೆ ಕದಡಿ ಬಿಸಿಲಿಗಿಟ್ಟರೆ ಬಣ್ಣವನ್ನು ಮುರಿಯುತ್ತದೆ, ತಾನು ಸವೆಯುವುದಿಲ್ಲ. ಅಂದು ಪುಡಿಯನ್ನು ಸೋಸಿ ತೆಗೆದ ಮೇಲೆ ಮೊದಲ ಸಲ ತೊಟ್ಟಿಯ ತಳ ಕಂಡಿತ್ತು. ಸಂಭ್ರಮದಲ್ಲಿ ಮೊಬೈಲ್ ತರಲು ಒಳಗೆ ಹೋಗಿದ್ದೆ.

ನಮ್ಮೂರಲ್ಲಿ ಅಂಗಳಕ್ಕೊಂದು ಬಾವಿ. ಇಲ್ಲಿ ತೋಡಿದರೆ ಸವಳು ನೀರು, ಬಾಯಿಗಿಟ್ಟರೆ ಉಪ್ಪು. ನಳದಲ್ಲಿ, ಅಂದರೆ ನಲ್ಲಿಯಲ್ಲಿ, ನೀರು ಬಂದ ದಿನ ಬಂತು. ತಿಳಿನೀರು ಕಂಡರೆ ಇಲ್ಲಿಯವರು ಸುಮ್ಮನೆ ಬಿಡುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದರು: "ನೀರಾಗ ಏನೈತ್ರಿ?"

"ಬಣ್ಣ ಹೋಗಿದೆ ಸರ್."

"ಹೋಗಿದ್ದಲ್ರಿ, ಉಳದಿದ್ದು ಹೇಳ್ರಿ."

ಮುರಿದ ಬಣ್ಣದ ಚೂರುಗಳು ಏನಾದವೆಂದು ನಾನಿನ್ನೂ ಪರೀಕ್ಷಿಸಿರಲಿಲ್ಲ. ಹಾಗೆಂದೇ ಹೇಳಿದೆ.

ಗಂಗವ್ವನಿಗೆ ಎರಡು ಸಲ ವಾಂತಿಯಾಯಿತು. ಮಂಚದಿಂದಲೇ ಗದರಿದರು: "ಯಾಕ ಅಳತೀಬೇ? ನಾ ಇನ್ನೂ ಸತ್ತಿಲ್ಲ. ಕೆಂಪಿದ್ದಾಗ ನಾಯಿ ಸುದ್ದಾ ಅದನ್ನ ಮೂಸಿರಲಿಲ್ಲ. ತಿಳಿ ಮಾಡಿ ತೆರದಿಟ್ಟಾಕಿ ನೀನು."

ಚಹಾ ತಂದ ಕಾಕಾ ನಕ್ಕರು: "ಗಂಗವ್ವಕ್ಕ, ಇನ್ನ ನಿನ್ನ ಹೊಟ್ಟ್ಯಾಗ ಜಮಖಾನಿ ನೇಯಬಹುದು!"

"ನಿನ್ನ ಬಣ್ಣ ಪಕ್ಕಾ ಇದ್ದಿದ್ರ ನಾ ಯಾಕ ಕುಡೀತಿದ್ನೋ, ಮಾಬೂ?"

ಮರುದಿನ ಗಂಗವ್ವ ಮನೆಗೆ ಬಂದರು. ತೊಟ್ಟಿಗೆ ಮುಚ್ಚಳ, ಬೀಗ ಹಾಕಿಸಿದೆ. ಪರೀಕ್ಷೆಯ ಫಲ ಬರುವವರೆಗೆ ಹನಿಯನ್ನೂ ಹೊರಬಿಡೆನೆಂದೆ. ಬೀಗದ ಕೈಯನ್ನು ಗಂಗವ್ವ ಕಸಿದುಕೊಂಡು ಸೆರಗಿಗೆ ಕಟ್ಟಿಕೊಂಡರು. "ಕುಡದಾಕಿ ಕಡೆ ಇರಲಿ."

ಆದರೂ ಕಣ್ಣು ಮುಚ್ಚಿದರೆ ಚರಿಗೆ ಮೇಲೇಳುತ್ತಿತ್ತು. ಅಮ್ಮ ಫೋನಿನಲ್ಲಿ "ಸಾಕು, ಬಂದುಬಿಡು" ಎಂದಳು. ಹೋದೆ. ಬಾವಿಯಿಂದ ಸೇದಿಕೊಟ್ಟ ತಿಳಿನೀರನ್ನು ಕೈಯಲ್ಲಿ ಹಿಡಿದು, ಕುಡಿಯದೆ ಅದನ್ನೇ ನೋಡುತ್ತಿದ್ದೆ. "ನಮ್ಮದೇ ಬಾವಿ ಮಾರಾಯ್ತಿ" ಎಂದು ಅಮ್ಮ ನೊಂದುಕೊಂಡಳು. ನಾಲ್ಕು ದಿನವೂ ಅಲ್ಲಿ ನಿದ್ದೆ ಬರಲಿಲ್ಲ.

ನವಲಗುಂದಕ್ಕೆ ಮರಳಿದ ಸಂಜೆ ಮೊದಲು ನೋಡಿದ್ದು ಗಂಗವ್ವನ ಸೆರಗಿನ ಗಂಟು. ಬೀಗದ ಕೈ ಅಲ್ಲೇ ಇತ್ತು. ರೊಟ್ಟಿ ತಿಂದು ಮಲಗಿದವಳಿಗೆ ಎಚ್ಚರವಾದದ್ದು ಬಿಸಿಲು ಮುಖಕ್ಕೆ ಬಡಿದಾಗ. ಬಾಗಿಲಲ್ಲಿ ಗಂಗವ್ವ ಕೂಗುತ್ತಿದ್ದರು:

"ಏಳಬೇ, ಎಷ್ಟ ಮಲಗತಿ! ನಳದಾಗ ನೀರು ಬಂದಾವ!"