ಹೊತ್ತ ಮೀರಿದ ಕಬ್ಬಿಣ

ಒಲಿ ಮ್ಯಾಲ ಹಾಲಿಟ್ಟು ಫೋನ್ ನೋಡ್ಕೋತ ಕುಂತೀರೇನು? ಕಬ್ಬಿಣಾನೂ ಹಂಗ ಕೆಡತೈತಿ ಅಂದ್ರ ನಂಬತೀರೇನು?

ಬನಹಟ್ಟ್ಯಾಗ ನಮ್ಮ ಬಾಜೂಮನಿ ಸೊಸಿ ಜಮಖಂಡಿ ಕಾಲೇಜಿನ್ಯಾಗ ಅದರ ಮ್ಯಾಲ ಸಂಶೋಧನಾ ಮಾಡತಿದ್ಳು. ಮಾತಾಡುವಾಗ ಕಣ್ಣಿಗೆ ಕಾಣದ ಕಾಳ ಹಿಡದಂಗ ಎರಡ ಬೆರಳ ಉಜ್ಜಾಕಿ.

"ಕಬ್ಬಿಣಕ್ಕ ಚೂರ ತಾಮ್ರ ಬೆರಸಿ, ಕೆಂಪಗ ಕಾಸಿ, ನೀರಾಗ ಅದ್ದಿ, ಮತ್ತ ಹದಕ್ಕ ಕಾಸಿದ್ರ ತಾಮ್ರ ಒಳಗ ಸಣ್ಣ ಸಣ್ಣ ಕಾಳಾಗಿ ಕಬ್ಬಿಣ ಗಟ್ಟಿ ಆಕ್ಕೈತ್ರಿ ಆಯೀ. ಹೆಚ್ಚ ಹೊತ್ತ ಇಟ್ರ ಕಾಳ ದಪ್ಪಾಗಿ ಮೆತ್ತಗ ಆಕ್ಕೈತಿ. ಹೊತ್ತ ಮೀರಬಾರದ್ರಿ." ಚಾದಾಗ ಬಿಸ್ಕೀಟ ಅದ್ದಿದ್ರೂ ಅದ ಮಾತು, ಹೊತ್ತ ಮೀರಬಾರದ್ರಿ.

ಒಂದಿನಾ ಆಕೀ ಬಸರಿ ನಾದಿನಿ ಕುಬಸ ಇತ್ತು. ಡಾಕ್ಟರೇಟಿನ ಕಡೇ ಕಬ್ಬಿಣದ ತುಂಡ ಕಾಲೇಜಿನ ಭಟ್ಟ್ಯಾಗ ಕಾಯ್ತಿತ್ತು, ಹೊತ್ತಿಗೆ ತಗ್ಯಾಕ ಹೊಂಟಿದ್ಳು. ಅತ್ತಿ ಬಾಗಲಾಗ ನಿಂತು, "ಕಡೇ ಪಂಗತಿ ಏಳೂಮಟಾ ಸೊಸಿ ಹೊಸ್ತಿಲಾ ದಾಟಾಂಗಿಲ್ಲ" ಅಂದ್ಳು. ಹೋಳಿಗಿ ಕೇಳಿದವ್ರಿಗೆಲ್ಲಾ ಬಡಸಿ ಈಕಿ ಹೋಗೂದ್ರಾಗ ತುಂಡ ಮೆತ್ತಗಾಗಿತ್ತು. ಹೊಸಾದ ಮಾಡತೀನಿ ಅಂದ್ರ, ಮನ್ಯಾವ್ರು ಓದಿದ್ದ ಸಾಕ ಅಂದ್ರು.

"ನೀನೂ ಚೂರ ಮೆತ್ತಗಾಗವಾ, ಸುಖಾ ಇರತಿ" ಅಂತ ನಾ ಕೆಣಕಿದೆ.

ಬೆರಳ ಉಜ್ಜೂದ ನಿಂತಿತು. "ಮೆತ್ತಗಾದ ಕಬ್ಬಿಣಾನ ಯಾರೂ ಛಲೋ ಅನ್ನಾಂಗಿಲ್ರಿ ಆಯೀ. ಮೆತ್ತಗಾದ ಸೊಸೀನ ಅಷ್ಟ ಛಲೋ ಅಂತಾರ."